ಒಂಬತ್ತನೆಯ ಸಾಧನ

ಸಂಜೆ ಐದು ನಲವತ್ತು. ಮನೆಯ ವೈಫೈಗೆ ಒಂಬತ್ತನೆಯ ಸಾಧನವೊಂದು ಸೇರಿಕೊಂಡಿತು. ಆ ಹೊತ್ತಿನಲ್ಲಿ ಅಲ್ಲಿ ಇರಬೇಕಾದವು ಎಂಟು.

ಅವನು ಅದನ್ನು ನೋಡಿದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ತನ್ನ ಮೊಬೈಲಿನಲ್ಲಿ. ಇಡೀ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಮನುಷ್ಯ. ಅನುಮತಿಯಿಲ್ಲದೆ ಒಂದು ಪ್ರಿಂಟರ್ ಕೂಡ ಅವನ ಕಣ್ಣು ತಪ್ಪಿಸಿ ಒಳಗೆ ಬಂದದ್ದಿಲ್ಲ. ಸಹೋದ್ಯೋಗಿಗಳು ಬೆನ್ನ ಹಿಂದೆ ಅವನನ್ನು ಚೆಕ್‌ಪೋಸ್ಟ್ ಎನ್ನುತ್ತಿದ್ದರು. ಪಕ್ಕದ ಮೇಜಿನವನಂತೂ ಎದುರಿಗೇ ಚುಡಾಯಿಸುತ್ತಿದ್ದ.

"ಸಾರ್, ನಿಮ್ಮನೇಲಿ ಸೊಳ್ಳೆ ಒಳಗೆ ಬರ್ಬೇಕಾದ್ರೂ ಪಾಸ್‌ವರ್ಡ್ ಕೇಳ್ತೀರಂತೆ?"

ಇಂದು ಅವನಿಗೆ ನಗು ಬರಲಿಲ್ಲ.

ಐದು ಐವತ್ತೊಂದಕ್ಕೆ ಆ ಸಾಧನ ಮಾಯವಾಯಿತು. ಹಿಂದಿನ ದಾಖಲೆ ತೆಗೆದು ನೋಡಿದ. ಮೂರು ವಾರಗಳಿಂದ ಇದೇ ಕಥೆ. ಹೆಸರಿಲ್ಲದ ಒಂದು ಫೋನು ಐದು ನಲವತ್ತರ ಸುಮಾರಿಗೆ ಬರುತ್ತದೆ, ಹತ್ತು ಹನ್ನೊಂದು ನಿಮಿಷವಿದ್ದು ಹೋಗುತ್ತದೆ. ಸಿಗ್ನಲ್ ತೀರಾ ಮಂದ. ಎಂದರೆ ಗೇಟಿನ ಆಸುಪಾಸು. ಪಾಸ್‌ವರ್ಡ್ ಒಂದು ಸಲವೂ ತಪ್ಪಿಲ್ಲ. ಭಾನುವಾರ ಮಾತ್ರ ಬರುವುದಿಲ್ಲ.

ಭಾನುವಾರ ಅವನು ಮನೆಯಲ್ಲಿರುತ್ತಾನೆ.

ಉಳಿದ ದಿನ ಆ ಹೊತ್ತಿಗೆ ಮನೆಯಲ್ಲಿರುವುದು ಹೆಂಡತಿಯೊಬ್ಬಳೇ. ಇಪ್ಪತ್ತಾರು ವರ್ಷದ ಸಂಸಾರ. ತಲೆಯಲ್ಲಿ ಸುಳಿದ ಯೋಚನೆಗೆ ಅವನಿಗೇ ನಾಚಿಕೆಯಾಯಿತು. ಆದರೆ ಸುಳಿದದ್ದು ಹೋಗದೆ ಅಲ್ಲೇ ಕುಳಿತಿತು.

ಏಳಕ್ಕೆ ಮನೆ ತಲುಪಿದಾಗ ಗೇಟಿನ ಪಕ್ಕದ ಕುಂಡಗಳಿಂದ ನೀರು ಸೋರುತ್ತಿತ್ತು. ಮಳೆ ನಿಂತದ್ದು ಮಧ್ಯಾಹ್ನ ಎರಡಕ್ಕೆ.

"ಮಳೆ ಬಂದ ದಿನಾನೂ ಗಿಡಕ್ಕೆ ನೀರು ಹಾಕಿದ್ಯಾ?"

"ಅಭ್ಯಾಸ" ಎಂದಳು.

"ಗೇಟ್ ಹತ್ರ ಯಾರಾದ್ರೂ ಬಂದಿದ್ರಾ?"

"ರಸ್ತೆ ಅಂದ್ಮೇಲೆ ಜನ ಓಡಾಡಲ್ವೇನ್ರೀ? ಎಲ್ಲರ ಹೆಸರು ಬರ್ಕೊಂಡು ಕೂರ್ಲಾ?"

ಭಾನುವಾರ ಬೆಳಿಗ್ಗೆ ಅವನು ಲ್ಯಾಪ್‌ಟಾಪ್ ಹಿಡಿದು ರೂಟರ್ ಮುಂದೆ ಕುಳಿತ. ಆಸ್ಪತ್ರೆಯಲ್ಲಿ ಯಂತ್ರಗಳಿಗೊಂದು, ರೋಗಿಗಳ ಕಡೆಯವರಿಗೊಂದು ನೆಟ್‌ವರ್ಕ್ ಬೇರೆ ಮಾಡಿದವನು ಮನೆಯ ಮಟ್ಟಿಗೆ ಸೋಮಾರಿಯಾಗಿದ್ದ. ಆರು ತಿಂಗಳ ಹಿಂದೆ ಹಳೆಯ ರೂಟರ್ ಕೆಟ್ಟು ಹೊಸದು ಬಂದಾಗಲೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ. ಆಗ ಹೊಸದಾಗಿ ತೆರೆದದ್ದು ನೋಟ್‌ಬುಕ್ ಮಾತ್ರ. ಪ್ರತಿ ಸಾಧನಕ್ಕೂ ಹುಟ್ಟುಮಚ್ಚೆಯಂತೆ ಹನ್ನೆರಡು ಅಕ್ಷರಗಳ ಗುರುತೊಂದಿರುತ್ತದೆ. ಅದನ್ನು ಬರೆದಿಡುವುದು ಅವನ ಶಿಸ್ತು. ಹಳೆಯ ನೋಟ್‌ಬುಕ್ ಬೀರುವಿನ ಮೇಲೆ ಸೇರಿತ್ತು.

ಈಗ ಎರಡು ವಿಲ್ಯಾನ್ ಮಾಡಿದ. ತಂತಿ ಒಂದೇ, ಪೆಟ್ಟಿಗೆ ಒಂದೇ. ಒಳಗೆ ದಾರಿ ಎರಡು. ಹತ್ತನೆಯ ನಂಬರಿನದು ಮನೆಯವರಿಗೆ, ಇಪ್ಪತ್ತನೆಯದು ಅತಿಥಿಗಳಿಗೆ. ಅತ್ತಲಿನವರಿಗೆ ಇತ್ತಲಿನವರು ಕಾಣುವುದಿಲ್ಲ. ಅತಿಥಿ ವೈಫೈ ಚೆನ್ನಾಗಿ ಸಿಗಲೆಂದು ಇನ್ನೊಂದು ಸಣ್ಣ ಪೆಟ್ಟಿಗೆಯನ್ನು ಮುಂದಿನ ಕೋಣೆಗೆ ಒಯ್ದ. ಒಂದೂವರೆ ವರ್ಷದಿಂದ ಯಾರೂ ಮಲಗದ ಕೋಣೆ. ಆದರೂ ಮೇಜಿನ ಮೇಲೆ ಧೂಳಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತಳು. "ಅದನ್ನ ಇಲ್ಲೇ ಇಡ್ಬೇಕಾ?"

"ಇನ್ಮೇಲೆ ಇದು ಗೆಸ್ಟ್ ರೂಮ್ ತಾನೇ?"

"ಮನೆಯವರು ಯಾರು, ಗೆಸ್ಟ್ ಯಾರು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಪಟ್ಟಿ ಇದೆಯಲ್ಲ. ನಾನು ಬರ್ಕೊಂಡೋರು ಮನೆಯವರು."

"ಸರಿಹೋಯ್ತು" ಎಂದಳು. ಕಿಟಕಿಯ ಬಳಿಗೆ ಹೋಗಿ, "ಎಲ್ಲಾ ಚೆನ್ನಾಗೇ ನಡೀತಿತ್ತಲ್ರೀ. ಯಾಕೆ ಕೆದಕ್ತೀರಾ?"

ಅವನು ಅವಳ ಮುಖ ನೋಡಿದ. ಅವಳು ಕಿಟಕಿಯಾಚೆ ಗೇಟು ನೋಡುತ್ತಿದ್ದಳು. ಅವನು ಮನೆಯ ಪಾಸ್‌ವರ್ಡ್ ಬದಲಾಯಿಸಿದ.

ಸೋಮವಾರ ಸಂಜೆ ಐದು ನಲವತ್ತೊಂದಕ್ಕೆ ಆ ಫೋನು ಮನೆಯ ನೆಟ್‌ವರ್ಕಿಗೆ ಸೇರಲು ನೋಡಿತು. ಪಾಸ್‌ವರ್ಡ್ ತಪ್ಪು. ಮತ್ತೊಮ್ಮೆ. ತಪ್ಪು. ಮೂರನೆಯ ಸಲವೂ ತಪ್ಪು. ಆಮೇಲೆ ಸದ್ದಿಲ್ಲ. ಅತಿಥಿಗಳ ನೆಟ್‌ವರ್ಕಿನ ಕಡೆ ಅದು ತಿರುಗಿಯೂ ನೋಡಲಿಲ್ಲ.

ಏಳಕ್ಕೆ ಬಂದಾಗ ಕುಂಡಗಳು ಒಣಗಿದ್ದವು. ನೀರಿನ ಕ್ಯಾನು ಗೇಟಿನ ಬುಡದಲ್ಲಿ ಮಗುಚಿಕೊಂಡಿತ್ತು. ಹೆಂಡತಿ ಮುಂದಿನ ಕೋಣೆಯ ಮಂಚದ ಮೇಲೆ ಕುಳಿತಿದ್ದಳು.

"ಒಂದು ಕೇಳ್ತೀನಿ, ನಿಜ ಹೇಳಿ" ಎಂದಳು. "ರೂಟರ್ ಹೊಸದು ತಂದಾಗ ಪಾಸ್‌ವರ್ಡ್ ಯಾಕೆ ಹಳೇದೇ ಇಟ್ರಿ?"

"ಎಲ್ಲದಕ್ಕೂ ಮತ್ತೆ ಹೊಡೆಯೋ ತಲೆನೋವು ಬೇಡ ಅಂತ."

"ಅಷ್ಟೇನಾ?"

"ಮತ್ತಿನ್ನೇನು?"

"ನಾವು ಬೇರೆ ಏನೋ ಅಂದ್ಕೊಂಡಿದ್ವಿ."

"ನಾವು ಅಂದ್ರೆ? ನೀನು ಮತ್ತೆ ಯಾರು?"

ಅವಳು ದಿಂಬಿನ ಸುಕ್ಕನ್ನು ಅಂಗೈಯಲ್ಲಿ ಸವರುತ್ತ ಕುಳಿತಳು.

ಅವನು ಹೊಸ ನೋಟ್‌ಬುಕ್ ತೆಗೆದು, ಫೋನಿನ ಹನ್ನೆರಡು ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿದ. ಸಿಗಲಿಲ್ಲ. ಕುರ್ಚಿ ಹತ್ತಿ ಬೀರುವಿನ ಮೇಲಿಂದ ಹಳೆಯದನ್ನು ಇಳಿಸಿದ.

ನಾಲ್ಕನೆಯ ಸಾಲಿನಲ್ಲಿ, ಅವನದೇ ಕೈಬರಹದಲ್ಲಿ, ಆ ಹನ್ನೆರಡೂ ಅಕ್ಷರಗಳಿದ್ದವು. ಎದುರಿಗೆ ಬರೆದಿದ್ದ: ಮಗಳ ಫೋನ್. ಒಂದೂವರೆ ವರ್ಷದ ಹಿಂದೆ, "ಇನ್ನು ಈ ಮನೆಗೆ ಬರೋದಾದ್ರೆ ಅತಿಥಿ ಥರ ಬಾ" ಎಂದು ಅವನು ಕೂಗಿದ ದಿನ, ಅವಳು ಕೈಯಲ್ಲಿ ಹಿಡಿದು ಹೊರಟದ್ದು ಅದೇ.

ಆ ಕ್ಷಣವೇ ಹಳೆಯ ಪಾಸ್‌ವರ್ಡ್ ಮತ್ತೆ ಹಾಕಿದ. ಮಂಗಳವಾರ ಸಂಜೆ ಐದು ನಲವತ್ತಕ್ಕೆ ನೆಲಮಾಳಿಗೆಯಲ್ಲಿ ಪಟ್ಟಿ ತೆರೆದು ಕುಳಿತ. ಆರು ಗಂಟೆಯಾದರೂ ಅದರಲ್ಲಿದ್ದವು ಎಂಟು.