ಕಾಂಪೌಂಡಿನಾಚೆಯ ಟೊಂಗೆ

ಸಾತಪ್ಪ ಕೊಡಲಿಯನ್ನು ತಿರುವಿ ಹಿಡಿದು ಅದರ ಹಿಂಬದಿಯಿಂದ ಬೇವಿನ ಬೊಡ್ಡೆಗೆ ಮೆಲ್ಲಗೆ ಬಡಿದ. ಕಿವಿ ಹಚ್ಚಿ ಕೇಳಿದ. ಎರಡು ಗೇಣು ಸರಿದು ಮತ್ತೆ ಬಡಿದ. ಮರ ಕಡಿಯಲೆಂದು ಖಾನಾಪುರದಿಂದ ಕರೆಸಿದ ಮನುಷ್ಯ ಹೀಗೆ ಡಾಕ್ಟರನಂತೆ ಬೆನ್ನು ಬಡಿಯುತ್ತ ನಿಂತದ್ದು ನೋಡಿ ಪ್ರಮಿಳಾಗೆ ಸಿಟ್ಟು ಬಂತು.

“ಕಡೀಲಾಕ ಕರದೇನಿ, ತಪಾಸ ಮಾಡಾಕಲ್ಲ,” ಎಂದಳು. “ಪರವಾನಗಿ ಕಾಗದಾನೂ ಐತಿ. ಬುಡಕ್ಕ ಹಚ್ಚಪಾ ಕೊಡ್ಲಿ.”

“ಹಚ್ಚೂಣಂತ ತಡೀರಿ ಅಕ್ಕಾರ. ಸಾಯೂ ರೋಗ ಐತೋ ಇಲ್ಲೋ ನೋಡಲಾರದ ಹೆಂಗ ಕಡೀಲಿ?”

ಪ್ರಮಿಳಾಗೆ ನೋಡುವುದೇನೂ ಉಳಿದಿರಲಿಲ್ಲ. ರಾಮತೀರ್ಥ ನಗರ ಬಡಾವಣೆಯಾಗುವುದಕ್ಕೂ ಮೊದಲು ಹೊಲದ ಬದುವಿನಲ್ಲಿದ್ದ ಮರ ಅದು. ಅದರ ನೆರಳಿಗೆ ಮನಸೋತೇ ಅವಳ ಮನೆಯವರು ಈ ಜಾಗ ಹಿಡಿದಿದ್ದರು. ಹೋದ ತಿಂಗಳು, ಗಾಳಿಯಿಲ್ಲ, ಮಳೆಯಿಲ್ಲ, ಬೆಳಿಗ್ಗೆ ಎಂಟು ಗಂಟೆಗೆ ಕಾಂಪೌಂಡಿನಾಚೆ ಚಾಚಿದ್ದ ಟೊಂಗೆ ಲಟಕ್ಕನೆ ಮುರಿದು ಪಕ್ಕದ ಮನೆಯ ಚನ್ನಬಸಯ್ಯನವರ ಕುರ್ಚಿಯ ಮೇಲೆ ಬಿತ್ತು. ಕುರ್ಚಿ ಹಪ್ಪಳವಾಯಿತು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದ ಚನ್ನಬಸಯ್ಯ ದಿನಾ ಆ ಹೊತ್ತಿಗೆ ಅದೇ ಕುರ್ಚಿಯಲ್ಲಿ ಪೇಪರ್ ಓದುವವರು. ಅಂದು ಕಣ್ಣಿಗೆ ಹಾಕುವ ಚಾಳೀಸು ತರಲು ಒಳಗೆ ಹೋಗಿದ್ದರು. ಆಯುಷ್ಯ ಗಟ್ಟಿ ಇತ್ತು, ಅಷ್ಟೇ.

ಅವರು ಬಂದು ನಾಲ್ಕು ಮಾತು ಬೈದಿದ್ದರೆ ಪ್ರಮಿಳಾಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಮಾತೇ ಬಿಟ್ಟರು. ಇಪ್ಪತ್ತು ವರ್ಷ ಕಾಂಪೌಂಡಿನ ಮೇಲಿಂದ ರೊಟ್ಟಿ ಪಲ್ಯ ದಾಟಿಸಿಕೊಂಡವರು ಈಗ ಅವಳನ್ನು ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಬ್ಬ ಮನುಷ್ಯನನ್ನು ಕೊಂದೇ ಬಿಡುತ್ತಿದ್ದೆನಲ್ಲ ಎಂಬುದು ಅವಳ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. ಅರ್ಧ ರೊಟ್ಟಿಗೇ ಕೈ ತೊಳೆದು ಏಳುತ್ತಿದ್ದಳು. ಮರ ಹೋದರೆ ಹೋಗಲಿ, ಆ ಕಲ್ಲೊಂದು ಹೋಗಲಿ ಎಂದೇ ಅಳುತ್ತ ಅರ್ಜಿ ಬರೆದಿದ್ದಳು.

ಸಾತಪ್ಪ ಮರವನ್ನು ಒಂದು ಸುತ್ತು ಬಂದ. ತಲೆ ಎತ್ತಿ ಟೊಂಗೆಗಳನ್ನು ನೋಡಿದ, ಕುಕ್ಕರಗಾಲಲ್ಲಿ ಕೂತು ಗೋಡೆಯ ಬುಡದ ಮಣ್ಣು ಕೆದರಿದ.

“ಅಕ್ಕಾರ, ಗಿಡಾ ಗಟ್ಟಿ ಐತ್ರಿ. ಪೊಳ್ಳ ಆಗಿದ್ರ ಡೊಳ್ಳಿನಂಗ ಸಪ್ಪಳ ಬರತಿತ್ತು. ಇನ್ನೂ ನಾಕ ನಾಗರ ಪಂಚಮಿ ಅಲ್ಲ, ನಲವತ್ತ ಪಂಚಮಿ ಜೋಕಾಲಿ ಕಟ್ಟಬಹುದು. ಒಣಗಿದ್ದು ಇದೊಂದ ಬಾಜು ಅಷ್ಟ. ಯಾಕಂದ್ರ ಈ ಬಾಜು ಬೇರ ಇಲ್ಲ. ಯಾರೋ ಕಡದಾರ.”

“ಯಾರ ಕಡೀತಾರಪಾ? ನಾ ಒಂದ ಸಲಿಕಿ ಹಚ್ಚಿಲ್ಲ.”

“ನೀವಲ್ರಿ. ಗ್ವಾಡಿ ಆ ಕಡೆ ಕಡದಾರ. ನಾಕೈದ ವರ್ಷ ಆಗಿರಬೇಕು. ಬೇರ ಎಲ್ಲಿ ಸಾಯತಾವೋ, ಅದರ ನೆತ್ತಿ ಮ್ಯಾಲಿನ ಟೊಂಗಿ ಒಣಗತೈತಿ.”

ಗೋಡೆಯಾಚೆ ಯಾರೋ ಕೆಮ್ಮಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಚನ್ನಬಸಯ್ಯ ಅಷ್ಟೂ ತಡೆಯಲಿಲ್ಲ. ಸೀದಾ ಗೇಟು ತೆರೆದು ಬಂದು ಕೊಡಲಿಗೂ ಮರಕ್ಕೂ ನಡುವೆ ನಿಂತರು.

“ನಾನ ಕಡಸಿದ್ದು,” ಎಂದರು. “ನೆಲದಾಗ ನೀರಿನ ಟಾಕಿ ಕಟ್ಟಸೂ ಮುಂದ. ನೀವು ಲೋಂಡಾಕ್ಕ ತಂಗಿ ಮಗಳ ಮದವಿಗಿ ಹೋಗಿದ್ರಿ. ತೊಡಿ ದಪ್ಪ ಮೂರ ಬೇರ ಅಡ್ಡ ಬಂದುವು. ಕಡಸಿದೆ, ಮಣ್ಣ ಮುಚ್ಚಿ ಮ್ಯಾಲ ಸಿಮೆಂಟ ಹಾಕಸಿದೆ, ಸುಮ್ಮನ ಕುಂತೆ. ಟೊಂಗಿ ನನ್ನ ಕುರ್ಚೀನ ಹುಡಿಕ್ಕೊಂಡ ಬಿದ್ದ ದಿನಾನ ತಿಳೀತು ನನಗ. ಆವತ್ತಿಂದ ನಿಮಗ ಮಾರಿ ತೋರಸಾಕ ಆಗವಲ್ದು.”

ಪ್ರಮಿಳಾ ಮರದ ಕಟ್ಟೆಯ ಮೇಲೆ ಧೊಪ್ಪನೆ ಕೂತಳು. ಬೈಯಬೇಕೆಂದು ಬಾಯಿ ತೆರೆದರೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರು. ತಿಂಗಳಿಂದ ಹೊಟ್ಟೆಯಲ್ಲಿದ್ದ ಕಲ್ಲು ಎತ್ತ ಹೋಯಿತೋ, ಒಮ್ಮೆಲೇ ಹಸಿವಾಯಿತು.

“ನಿಮ್ಮನ್ನ ಕೊಲ್ಲತಿದ್ದೆ ಅಂತ ನಾ ಸಾಯಾಕತ್ತಿದ್ದೆ. ಒಂದ ಮಾತ ಹೇಳಬಾರದಿತ್ತೇನ್ರಿ?”

“ಹೇಳಿದ್ರ ಗಿಡಾ ಕಡಸತಿದ್ದಿಲ್ಲೇನು?”

“ಇಲ್ಲ. ನಿಮ್ಮನ್ನ ಕಡಸತಿದ್ದೆ.”

ಸಾತಪ್ಪ ಸೊಂಟಕ್ಕೆ ಹಗ್ಗ ಬಿಗಿದು ಮೇಲೇರಿದ. ಮಧ್ಯಾಹ್ನದ ಹೊತ್ತಿಗೆ ಒಣಗಿದ ಟೊಂಗೆಗಳಷ್ಟನ್ನೇ ಒಂದೊಂದಾಗಿ ಹಗ್ಗಕ್ಕೆ ಕಟ್ಟಿ ಇಳಿಸಿದ. ಪರವಾನಗಿ ಕಾಗದದ ಮೇಲೆ ಪ್ರಮಿಳಾ ಅವನಿಗೆ ರೊಟ್ಟಿ ಚಟ್ನಿ ಇಟ್ಟು ಕೊಟ್ಟಳು. ಹೋಗುವಾಗ ಅವನು ಚನ್ನಬಸಯ್ಯನವರಿಗೆ ಹೇಳಿದ: “ಯಜಮಾನ್ರ, ನಿಮ್ಮ ಬಾಜು ಸಿಮೆಂಟ ತಗಸ್ರಿ. ಸಗಣಿ ಗೊಬ್ಬರ ಹಾಕಿ ಎರಡ ಬ್ಯಾಸಗಿ ನೀರ ಹಾಕ್ರಿ, ಹೊಸಾ ಬೇರ ಬರತಾವು. ನೀರ ಎಲ್ಲಿಂದ ತರೂದಂತ ಕೇಳಬ್ಯಾಡ್ರಿ. ಟಾಕಿ ಕಟ್ಟಸೀರಲ್ಲ.”

ಮರುದಿನ ಬೆಳಿಗ್ಗೆ ಎಂಟಕ್ಕೆ ಪ್ರಮಿಳಾ ಬಿಸಿ ರೊಟ್ಟಿ ಹಿಡಿದು ಕಾಂಪೌಂಡಿನಾಚೆ ಇಣುಕಿದಳು. ಹಳೆಯ ಜಾಗದಲ್ಲೇ ಹೊಸ ಕುರ್ಚಿ, ಪಕ್ಕದಲ್ಲಿ ಖಾಲಿಯಾದ ಬಕೆಟ್, ಗೋಡೆಯ ಬುಡದಲ್ಲಿ ಸಿಮೆಂಟು ಕಿತ್ತ ಮಣ್ಣು ಒದ್ದೆ. ಚನ್ನಬಸಯ್ಯ ಪೇಪರ್ ಓದುತ್ತ ಕೂತಿದ್ದರು. ತಲೆಯ ಮೇಲೆ ಸ್ಕೂಟರಿನ ಹೆಲ್ಮೆಟ್, ಅದರ ಗಾಜು ಮೇಲಕ್ಕೆತ್ತಿದೆ, ಒಳಗೆ ಚಾಳೀಸು.

“ಒಣಗಿದ್ದೆಲ್ಲಾ ಸಾತಪ್ಪ ಇಳಿಸಿ ಹೋಗ್ಯಾನಲ್ರಿ,” ಎಂದಳು ಪ್ರಮಿಳಾ ನಗು ತಡೆದು. “ಇನ್ನೂ ಗಿಡದ ಮ್ಯಾಲ ನಂಬಿಕಿ ಇಲ್ಲೇನು?”

ಚನ್ನಬಸಯ್ಯ ಪುಟ ತಿರುವಿದರು. “ಗಿಡಾ ಮರತಿರಬೇಕ ಬಿಡ್ರಿ,” ಎಂದರು. “ಖರೇ ನಾ ಇನ್ನೂ ಮರತಿಲ್ಲ.”