ಬಂದವರ ಕಪ್ಪು-ಸಾಸರು

ಮಧ್ಯಮ ವರ್ಗ ಅಳಿದುಹೋದ ಮೇಲೆ, ಕೊನೆಗೆ ಉಳಿದಿದ್ದ ಸರ್ವಮಂಗಳಮ್ಮನನ್ನು ಮನೆಯ ಸಾಮಾನಿನ ಸಮೇತ ತಂದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಟ್ಟಿದ್ದರು. ಸೋಫಾದ ಹೊದಿಕೆ ಸರಿಮಾಡುವುದು, ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುವುದು, ಇಷ್ಟೇ ಅವರ ಕೆಲಸ.

ಅಂದೂ ಗೈಡ್ ಚರಣರಾಜ ಬಂದ ಜನಕ್ಕೆ ಗಿಳಿಪಾಠ ಒಪ್ಪಿಸುತ್ತಿದ್ದ. "ಹಿಂಗೊಂದು ವರ್ಗ ನಿಜವಾಗ್ಲೂ ಇತ್ತಾ ಅಂತ ಪಂಡಿತರಲ್ಲೇ ಜಗಳ ಇದೆ ಸಾರ್. ಕೆಳಗಿನವರ ಥರ ದುಡಿಯೋರು, ಮೇಲಿನವರ ಥರ ಮಾತಾಡೋರು. ಸಮಾಜದ ಬೆನ್ನೆಲುಬು ಅಂತ ಹೊಗಳಿದ್ರೆ ಸಾಕು, ಎಷ್ಟು ಬೇಕಾದ್ರೂ ಹೊರೋರು."

ಸರ್ವಮಂಗಳಮ್ಮನ ಮೈಯೆಲ್ಲ ಉರಿಯಿತು.

ರೇಷ್ಮೆ ಸೀರೆಯ ಹೆಂಗಸೊಬ್ಬಳು ಸೋಫಾದ ಪಕ್ಕದ ಶೋಕೇಸಿನತ್ತ ಬೆರಳು ತೋರಿಸಿದಳು. "ಆ ಚಿನ್ನದಂಚಿನ ಕಪ್ಪಲ್ಲಿ ಯಾಕೆ ಕುಡಿಯಲ್ಲ?"

"ಅದು ಮನೆಗೆ ಬಂದವರಿಗೆ ಮೇಡಂ. ಇವರು ಮುಟ್ಟಲ್ಲ."

ಸರ್ವಮಂಗಳಮ್ಮ ದಡಕ್ಕನೆ ಎದ್ದರು. ಶೋಕೇಸು ತೆಗೆದು, ಲೋಟದ ಕಾಫಿಯನ್ನು ಆ ಕಪ್ಪಿಗೆ ಸುರಿದುಕೊಂಡರು.

ಚರಣರಾಜ ಗಾಜು ಬಡಿದ. "ಅಮ್ಮಾ, ಇಡಿ ಅದನ್ನ! ಬಂದವರಿಗೆ ಅಂತ ಬೋರ್ಡ್ ಹಾಕಿದೀವಿ!"

"ಯಾರಪ್ಪಾ ಬಂದವರು? ನಮ್ಮಮ್ಮ ಕಾದು ಕಾದು ಸತ್ಲು, ನಾನೂ ಕಾದೆ. ಎಲ್ರೂ ನೋಡ್ಕೊಂಡು ಹೋದ್ರು. ಒಬ್ಬರಾದ್ರೂ ಒಳಗೆ ಬಂದ್ರಾ?"

ಅವರು ಹೊಗಳಿಸಿಕೊಂಡ ಆ ಬೆನ್ನನ್ನೇ ಗಾಜಿಗೆ ತಿರುಗಿಸಿ ಕೂತು, ಸೊರ್ರೆಂದು ಸದ್ದು ಮಾಡುತ್ತ ಕುಡಿದರು.