ಲಗ್ಗಿನ ಲೆಕ್ಕ

ಗರ್ಡರ್ ಎತ್ತುವಾಗ ಕ್ರೇನಿನ ಕೊಕ್ಕೆ ಸಿಕ್ಕಿಸುವ ಲಗ್ ಎಂಬ ಉಕ್ಕಿನ ಕಿವಿಯ ವಿನ್ಯಾಸ ಜರ್ಮನಿಯಿಂದ ಬಂದಿತ್ತು. ಅದನ್ನು ನಮ್ಮ ದೇಶದ ನಿಯಮಾವಳಿಗೆ ಹೊಂದಿಸಿ ಹೊಸದಾಗಿ ಲೆಕ್ಕ ಹಾಕಬೇಕಿದ್ದ ಡಿಸೈನ್ ಎಂಜಿನಿಯರ್ ವಾದಿರಾಜ, ಡ್ರಾಯಿಂಗಿನ ತಲೆಬರಹದಲ್ಲಿ ನಿಯಮಾವಳಿಯ ಹೆಸರನ್ನಷ್ಟೇ ಬದಲಿಸಿ ಸಹಿ ಹಾಕಿದ್ದ.

ಗರ್ಡರ್ ಎತ್ತುವ ದಿನ ಅವನು ಕಾಫಿಯನ್ನು ಅರ್ಧಕ್ಕೇ ಬಿಟ್ಟ. ಕೆಳಗೆ ನಿಲ್ಲುವ ಜನ ಕಣ್ಣ ಮುಂದೆ ಬಂದರು. ನಾಚಿಕೆ ನುಂಗಿಕೊಂಡು ಸೈಟ್ ಎಂಜಿನಿಯರಿಗೆ ಫೋನ್ ಮಾಡಿದ.

"ಶಾಹಿನಾ, ಎತ್ತಿಸ್ಬೇಡಿ. ನಾನು ಲೆಕ್ಕಾನೇ ಮಾಡಿಲ್ಲ."

"ಎತ್ತಿ ಆಯ್ತಲ್ಲ ಸರ್."

"ಲಗ್ ತಡ್ಕೊಳ್ತಾ?"

"ಅದಕ್ಕೆ ಕೊಕ್ಕೆ ಹಾಕ್ಲೇ ಇಲ್ಲ ಸರ್. ಗರ್ಡರಿಗೇ ಬೆಲ್ಟ್ ಸುತ್ತಿ ಎತ್ತಿದ್ವಿ."

"ಯಾಕೆ?"

"ಡ್ರಾಯಿಂಗ್ ಮೇಲೆ ನಿಮ್ಮ ಸಹಿ ಇತ್ತಲ್ಲ ಸರ್."